ಎಲ್ಲರೂ ಒಟ್ಟಿಗೆ ಮಾತಾಡುವ ಮನೆ

ಕೊಪ್ಪಳ
ಎರಡನೆಯ ಬೇಸಿಗೆಯ ನಲವತ್ತೊಂದನೆಯ ದಿನ, ೨೨೯೬

ನನಗಿಂತ ಬಹಳ ಮೊದಲು ಬದುಕುತ್ತಿರುವವರಿಗೆ,

ಮೇಲಿನ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ. ನಮ್ಮ ವರ್ಷಕ್ಕೆ ಬೇಸಿಗೆಗಳು ಎರಡು. ಕೆಲವು ಪದಗಳೂ ವಿಚಿತ್ರವಾಗಿ ಕಾಣಬಹುದು. ಕ್ಷಮಿಸಿ, ಅವು ಹುಟ್ಟಿದ್ದು ನಿಮ್ಮ ನಂತರ.

ಇಲ್ಲಿ ಬೆಳಗಿನ ಕೆಲಸ ಮುಗಿಯುತ್ತಲೇ ಬಿಸಿಲುಗಂಟೆ ಬಾರಿಸುತ್ತದೆ. ಬೀದಿಯ ಬಾಗಿಲುಗಳು ಮುಚ್ಚಿದ ಮೇಲೆ ಸೂರ್ಯ ಇಳಿಯುವವರೆಗೆ ಯಾರೂ ಹೊರಗೆ ಹೋಗುವಂತಿಲ್ಲ. ಹಾಗಾಗಿ ನಮ್ಮ ಬದುಕಿನ ಬಹುಪಾಲು ಊಟದ ಸುತ್ತ, ಮಾತಿನಲ್ಲೇ ಕಳೆಯುತ್ತದೆ. ನನ್ನ ಹೆಂಡತಿ ನೀಲಗಂಗಾಳಿಗೆ ಕೆಲವು ವರ್ಷಗಳಿಂದ ಕಿವಿ ಕೇಳಿಸುವುದಿಲ್ಲ. ಅವಳಿಗೆಂದು ಒಂದು ಕೈಗಿವಿ ತಂದೆವು. ಗೋಡೆಯ ಮೇಲಿನ ಪೆಟ್ಟಿಗೆ ಮಾತು ಕೇಳುತ್ತದೆ, ಮಣಿಕಟ್ಟಿನ ಬಳೆ ಅದನ್ನು ಚರ್ಮದ ಮೇಲೆ ಮಿಡಿತವಾಗಿ ಬರೆಯುತ್ತದೆ. ಅದನ್ನು ಓದಲು ಅವಳು ಬೇಗ ಕಲಿತಳು.

ದೋಷ ತಿಳಿದದ್ದೂ ಅಷ್ಟೇ ಬೇಗ. ಇಬ್ಬರು ಏಕಕಾಲಕ್ಕೆ ಮಾತಾಡಿದರೆ ಬಳೆ ಸುಮ್ಮನಾಗುತ್ತಿತ್ತು. ನನ್ನ ತಾಯಿ ಬಸಲಿಂಗವ್ವ ಮತ್ತು ತಮ್ಮ ಕರಿಸಿದ್ಧ ಇರುವ ಮನೆಯಲ್ಲಿ ಒಬ್ಬರೇ ಮಾತಾಡುವ ಹೊತ್ತು ಅಪರೂಪ. ನೀಲಗಂಗಾ ತಟ್ಟೆ ನೋಡುತ್ತಾ ಉಂಡು ಎದ್ದುಬಿಡುತ್ತಿದ್ದಳು. ಕಂಪನಿಯವರು ಬಂದು ದುರಸ್ತಿ ಮಾಡಿಕೊಟ್ಟರು. ದುರಸ್ತಿಯೆಂದರೆ ಪೆಟ್ಟಿಗೆಯ ಮೇಲೊಂದು ಹಸಿರು ದೀಪ. ಅದು ಹೊತ್ತಿದಾಗ ಮಾತ್ರ ಮುಂದಿನವರು ಬಾಯಿ ತೆರೆಯಬೇಕು.

“ಇದೇನು ಮನೀನೋ, ರೈಲ್ವೆ ಸ್ಟೇಷನ್ನೋ?” ಎಂದಳು ಅಮ್ಮ, ದೀಪ ಹೊತ್ತುವ ಮೊದಲೇ.

ಸ್ವಭಾವತಃ ಮಾತು ಕಡಿಮೆಯಿರುವ ನನಗೆ ಆ ದೀಪ ಅಷ್ಟೇನೂ ಕೆಟ್ಟದೆನಿಸಲಿಲ್ಲ. ದೂರು ಕೊಟ್ಟವಳು ನೀಲಗಂಗಾ.

ನಿಮ್ಮ ಕಾಲದಿಂದ ಬಂದ ದಾರಿಗಳೇ ನಮಗೂ ಇವೆ: ದೋಷ ಸರಿಪಡಿಸಿಕೊಳ್ಳಬಹುದು, ಬದಲಿ ಯಂತ್ರ ಕೇಳಬಹುದು, ಹಣ ವಾಪಸು ಪಡೆಯಬಹುದು, ತೊಂದರೆಗೆ ಪರಿಹಾರ ಬೇಡಬಹುದು. ನಾವು ಸೇರಿಸಿದ್ದು ಮನೆಪೀಠವೊಂದನ್ನೇ. ಯಂತ್ರವನ್ನು ಕೋರ್ಟಿಗೆ ಒಯ್ಯುವುದಿಲ್ಲ. ನ್ಯಾಯಾಧೀಶರೇ ಯಂತ್ರವಿರುವ ಮನೆಗೆ ಬಂದು ಎರಡು ದಿನ ಉಳಿಯುತ್ತಾರೆ. ದೋಷ ಅವರ ಕಣ್ಣಿಗೆ ಬಿದ್ದರೆ ಸರಿ, ಬೀಳದಿದ್ದರೆ ದೂರು ಅಲ್ಲಿಗೆ ಮುಗಿಯಿತು. ಮತ್ತೆ ಎತ್ತುವಂತಿಲ್ಲ.

ನಮ್ಮ ಮನೆಗೆ ಬಂದವರು ಜುಬೇದಾ ಬಳಿಗಾರ, ಗಂಗಾವತಿಯವರು. ಅಮ್ಮ ಹೊಸ ಚಾದರ ಹಾಸಿದಳು. ಕರಿಸಿದ್ಧ ಕ್ರಾಪು ತೀಡಿಕೊಂಡ. ಆಮೇಲೆ ಯಾರೂ ಎಣಿಸದ ಒಂದು ಸಂಗತಿ ನಡೆಯಿತು. ಅತಿಥಿಯ ಮುಂದೆ ಎಲ್ಲರೂ ಒಬ್ಬರಾದ ಮೇಲೊಬ್ಬರು ಮಾತಾಡತೊಡಗಿದರು. ದೀಪದ ಕಡೆ ಯಾರೂ ನೋಡಲೇ ಇಲ್ಲ. ಮರ್ಯಾದೆಯೇ ಸಾಕಾಯಿತು. ಬಳೆ ಒಂದು ಮಾತನ್ನೂ ಬಿಡಲಿಲ್ಲ. ನೀಲಗಂಗಾ ಊಟ ಮುಗಿದರೂ ಏಳದೆ ಕುಳಿತಿದ್ದಳು. ಕರಿಸಿದ್ಧನ ಹಳೆಯ ಜೋಕಿಗೂ ನಕ್ಕಳು. ದೋಷ ಕಾಣದೆ ಕೇಸು ಕೈತಪ್ಪಿ ಹೋಗುತ್ತಿದ್ದದ್ದು ಹೀಗೆ, ಇಷ್ಟು ಸುಖವಾಗಿ.

“ನಾನು ಇದ್ದೀನಿ ಅನ್ನೋದು ಮರೀರಿ ನೀವು,” ಎಂದರು ಜುಬೇದಾ. “ಇಲ್ಲಂದ್ರ ನಾ ಬರಿಗೈಲೆ ಹೋಗ್ತೀನಿ ನೋಡ್ರಿ.”

“ಹೋಗಬ್ಯಾಡ್ರಿ, ಇಲ್ಲೇ ಇದ್ದುಬಿಡ್ರಿ,” ಎಂದಳು ನೀಲಗಂಗಾ. “ಇವ್ರು ಹಿಂಗ ಮಾತಾಡಿದ್ದು ನಾ ಕಂಡಿದ್ದಿಲ್ಲ.” ನಗುತ್ತಲೇ ಅಂದಳು. ಆದರೆ ಬಳೆಯನ್ನು ಸುಮ್ಮನೆ ತಿರುಗಿಸುತ್ತಿದ್ದಳು. ನಾಳೆ ಸಂಜೆ ನ್ಯಾಯಾಧೀಶರು ಹೊರಟ ಮೇಲೆ ಮತ್ತೆ ತಟ್ಟೆ ನೋಡುತ್ತಾ ಉಣ್ಣಬೇಕಾದವಳು ಅವಳೇ.

ಮರುದಿನ ಬೆಳಿಗ್ಗೆ ಕರಿಸಿದ್ಧ ಬೇಕೆಂದೇ ಅಮ್ಮನ ಜೊತೆ ಜಗಳ ತೆಗೆದ. ಅದೂ ಫಲಿಸಲಿಲ್ಲ. ನಟಿಸುವ ಜಗಳದಲ್ಲಿ ಜನ ಇನ್ನೊಬ್ಬರ ಮಾತು ಮುಗಿಯಲೆಂದು ಕಾಯುತ್ತಾರೆ.

ಕಡೆಯ ಊಟಕ್ಕೆ ಕುಳಿತಾಗ ಜುಬೇದಾ ರೊಟ್ಟಿ ಮುರಿದು, ಏನೂ ಯೋಚಿಸದೆ ಅಂದರು: “ಒಂಚೂರು ದಪ್ಪ ಆಗ್ಯಾವೇನೋ. ನಮ್ಮ ಗಂಗಾವತಿ ಕಡೆ...”

“ಗಂಗಾವತ್ಯಾಗ ರೊಟ್ಟಿ ಎಲ್ಲಿಂದ ಬರ್ಬೇಕವ್ವಾ, ಬರೇ ಅನ್ನ ಉಣ್ಣೋ ಮಂದಿ!” ಅಮ್ಮ ಸಿಡಿದಳು. ಕರಿಸಿದ್ಧ ನ್ಯಾಯಾಧೀಶರ ಪರ ನಿಂತ. ನಾನು ಅವನನ್ನು ಸುಮ್ಮನಿರಿಸಲು ಹೋದೆ. ಜುಬೇದಾ ತಮ್ಮ ಅಜ್ಜಿಯ ರೊಟ್ಟಿಯ ಬಗ್ಗೆ ಎಲ್ಲರಿಗಿಂತ ಗಟ್ಟಿಯಾಗಿ ಹೇಳುತ್ತಿದ್ದರು. ನೀಲಗಂಗಾ ಕೈ ಎತ್ತಿದಳು. ಬಳೆ ಮಿಡಿಯುತ್ತಿರಲಿಲ್ಲ.

“ಅಯ್ಯ, ನಾನೂ ಒದರಾಕತ್ತಿದ್ನಲ್ಲ!” ಎಂದು ಜುಬೇದಾ ಬಾಯಿ ಮೇಲೆ ಕೈಯಿಟ್ಟುಕೊಂಡರು. ಆಮೇಲೆ ಆ ಬಳೆಯನ್ನು ತಮ್ಮ ಕೈಗೆ ಹಾಕಿಸಿಕೊಂಡು, ನಮ್ಮನ್ನು ಮತ್ತೆ ವಾದಕ್ಕೆ ಬಿಟ್ಟು, ಅದರ ಮೌನವನ್ನು ಬಹಳ ಹೊತ್ತು ಪರೀಕ್ಷಿಸಿದರು. ಈಗ ವಾದ ನಿಲ್ಲಿಸುವುದೇ ಕಷ್ಟವಾಗಿತ್ತು.

ಅವರ ತೀರ್ಪು ಚಿಕ್ಕದು. ದುರಸ್ತಿ ಯಂತ್ರಕ್ಕೆ ಆಗಬೇಕೇ ಹೊರತು ಅದನ್ನು ಬಳಸುವ ಮನೆಯವರಿಗಲ್ಲ. ದೀಪವನ್ನು ದುರಸ್ತಿಯೆಂದು ಒಪ್ಪಲಾಗದು. ಬದಲಿಯೋ ಹಣವೋ, ಆಯ್ಕೆ ನೀಲಗಂಗಾಳದು. ಅವಳು ಬೇರೆ ಮಾದರಿಯ ಬದಲಿ ಕೇಳಿದಳು.

ನಿಮ್ಮಲ್ಲಿ ನನ್ನ ವಿನಂತಿಯೂ ಇಷ್ಟೇ. ಫ್ರಿಜ್ಜಿನ ಬಾಗಿಲು ಮುಚ್ಚಿ ನಿಲ್ಲದಿದ್ದರೆ ನೀವು ಅದಕ್ಕೆ ಸ್ಟೂಲು ಒತ್ತಿಡುತ್ತೀರಂತೆ, ಮಿಕ್ಸಿ ಬಿಸಿಯಾದರೆ ಅರ್ಧ ಚಟ್ನಿಗೇ ನಿಲ್ಲಿಸುತ್ತೀರಂತೆ. ಕೊಂಡ ವಸ್ತುವಿನ ತಪ್ಪನ್ನು ನಿಮ್ಮ ಅಭ್ಯಾಸ ಮಾಡಿಕೊಳ್ಳಬೇಡಿ. ದೂರು ಕೊಡಿ. ವಸ್ತು ಕೆಟ್ಟಾಗ ಮನೆಯಲ್ಲಿ ಏನು ನಡೆಯುತ್ತಿತ್ತೆಂಬುದನ್ನೂ ದೂರಿನಲ್ಲಿ ಹೇಳಿ.

ಹೊಸ ಕೈಗಿವಿ ಬಂದ ಮಧ್ಯಾಹ್ನದ ಮಾತು ಹೇಳಿ ಬೀಳ್ಕೊಳ್ಳುತ್ತೇನೆ. ಊಟದ ನಡುವೆ ನಾನು ಏನೋ ಗಂಭೀರವಾದದ್ದನ್ನು ವಿವರಿಸುತ್ತಿದ್ದೆ. ಅಮ್ಮ ಒಂದು ಕಡೆಯಿಂದ, ಕರಿಸಿದ್ಧ ಇನ್ನೊಂದು ಕಡೆಯಿಂದ ಶುರುಮಾಡಿದ್ದರು. “ಏ, ತಡೀರಿ ನೀವು, ಹಂಗಲ್ಲ ಅದು!” ಎಂದು ನೀಲಗಂಗಾ ನನ್ನ ವಾಕ್ಯವನ್ನು ಅರ್ಧದಲ್ಲೇ ಕತ್ತರಿಸಿ ಒಳನುಗ್ಗಿದಳು. ಉಳಿದರ್ಧ ನನ್ನ ಬಾಯಲ್ಲೇ ಉಳಿಯಿತು. ಅದೇನೆಂದು ಈವರೆಗೆ ಯಾರೂ ಕೇಳಿಲ್ಲ. ನಾನೂ ಹೇಳಲು ಹೋಗಿಲ್ಲ.

ಇನ್ನೂ ಹುಟ್ಟದ ನಿಮ್ಮವನು,
ವೀರಭದ್ರ ಸಿಂದೋಗಿ