ಉಳಿದುಹೋದ ಕಾಜಾ ಪಟ್ಟಿ

ಅವ್ವಾ,

ನಿನ್ನ ಮಷಿನ್ನಿನ ಮುಂದೆಯೇ ಕೂತು ಬರೆಯುತ್ತಿದ್ದೇನೆ. ನೀನು ಹೋಗಿ ಏಳು ತಿಂಗಳಾಯಿತು. ನನಗಿನ್ನೂ ಅಳು ಬಂದಿಲ್ಲ. ಬಂದವರೆಲ್ಲ "ಅತ್ತುಬಿಡವ್ವ ಅನಸೂ, ಹಗುರಾಗತೈತಿ" ಅಂದರು. ಬರದಿದ್ದರೆ ಏನು ಮಾಡಲಿ? ಉಣ್ಣುತ್ತೇನೆ, ಮಲಗುತ್ತೇನೆ, ನಾರಾಯಣಪೇಟೆ ಸೀರೆಗಳಿಗೆ ಜಂಪರು ಹೊಲಿಯುತ್ತೇನೆ. ಕಾಲು ತಾನಾಗಿಯೇ ಪೆಡಲು ತುಳಿಯುತ್ತದೆ.

ಮಕ್ತಲ್‌ನಿಂದ ಆ ನೀಲಿ ಬಟ್ಟೆ ತಂದ ದಿನ ನಿನಗೆ ನೆನಪಿದೆಯಾ? ಲಕ್ವಾ ಹೊಡೆದು ನಿನ್ನ ಬಲಗೈ ಬಿದ್ದುಹೋಗಿತ್ತು. ಅದನ್ನು ಜಂಪರಿನ ತೋಳಿಗೆ ತೂರಿಸುವಷ್ಟರಲ್ಲಿ ಇಬ್ಬರಿಗೂ ಬೆವರು. "ಎಳದ್ರ ಹಿಗ್ಗಬೇಕು, ತಲಿ ಮ್ಯಾಲಿಂದ ಹಾಕ್ಕೊಂಡ್ರ ಮುಗೀಬೇಕು, ಅಂಥದೊಂದು ಗೌನು ಹೊಲಿ ನನಗ" ಅಂತ ನೀನೇ ಕೇಳಿದ್ದೆ. ತಂದು ಕೊಟ್ಟರೆ ನೀನು ಎಡಗೈಯಲ್ಲಿ ಹಿಂಡಿ ನೋಡಿ ನಕ್ಕೆ. "ಬನಿಯನ್ ಬಟ್ಟಿ ಹೆಂಗಸ್ರು ತೊಟ್ರ ಗಂಡಸ್ರು ಏನ್ ತೊಡಬೇಕವ್ವ?"

ಆಮೇಲೆ ದಿನಾ ಬೆಳಿಗ್ಗೆ "ಆತೇನು ನನ್ನ ಗೌನು?" ನಾನು ಕತ್ತರಿಯನ್ನೇ ಹಾಕಿರಲಿಲ್ಲ. ಮದುವೆ ಜಂಪರುಗಳ ಗಡಿಬಿಡಿ ಅಂತ ನನಗೆ ನಾನೇ ಹೇಳಿಕೊಂಡೆ. ನಿಜ ಅದಲ್ಲ. ಒಮ್ಮೆ ಗೌನು ತೊಟ್ಟರೆ ನೀನು ಹುಷಾರಾಗಿ ಮತ್ತೆ ಸೀರೆ ಉಡುವುದೇ ಇಲ್ಲ ಅಂತ ಹೆದರಿದ್ದೆ. ಒಂದು ದಿನ ಬೇಸತ್ತು "ಆಗೈತವ್ವ, ಕಾಜಾ ಅಷ್ಟ ಉಳದಾವ" ಅಂದುಬಿಟ್ಟೆ. ನೀನು ನನ್ನ ಮುಖವನ್ನೇ ನೋಡಿದೆ. ಪೇಟೆಯ ದರ್ಜಿಗಳ ಅಂಗಿಗಳಿಗೆಲ್ಲ ಕೈಯಲ್ಲೇ ಗುಂಡಿ ತೂರುವ ಕಾಜಾ ಹಾಕಿಕೊಟ್ಟು ನನ್ನನ್ನು ಬೆಳೆಸಿದವಳು ನೀನು. "ಹೌದೇನು? ಇರಲಿ ಬಿಡು. ಕೈ ನೆಟ್ಟಗಾಗಲಿ, ಕಾಜಾ ನಾನ ಹಾಕ್ತೀನಿ" ಅಂದೆ. ಮತ್ತೆ ಕೇಳಲಿಲ್ಲ. ಎಂಟನೆಯ ದಿನ ನೀನೇ ಇರಲಿಲ್ಲ.

ಹೋದ ವಾರ ನಾನು ಮನೆಯಲ್ಲಿ ತೊಡುವ ಗೌನು ಬಗಲಲ್ಲಿ ಹರಿಯಿತು. ಟ್ರಂಕಿನಲ್ಲಿದ್ದ ನೀಲಿ ಬಟ್ಟೆ ತೆಗೆದು, ಹರಿದದ್ದನ್ನೇ ಅದರ ಮೇಲೆ ಹರವಿ, ಗೆರೆ ಎಳೆದು ನನ್ನ ಅಳತೆಗೆ ಕತ್ತರಿಸಿದೆ. ಹೊಲಿಯಲು ಕೂತರೆ ಮಷಿನ್ನು ಹೊಲಿಗೆ ಬಿಟ್ಟುಬಿಟ್ಟು ಓಡಿತು. ಜಂಪರು ಕೊಡಲು ಗದ್ವಾಲಕ್ಕೆ ಹೋದಾಗ ದಾರದ ಅಂಗಡಿಯವನನ್ನು ಕೇಳಿದೆ. "ಈ ಬಟ್ಟಿಗಿ ಮೊಂಡ ಮೊನಿ ಸೂಜಿ ಬೇಕ್ರೀ ಅಕ್ಕಾ. ಚೂಪಂದು ಎಳಿ ಕಡೀತೈತಿ" ಅಂದ. ಹೊಸ ಸೂಜಿ ಹಾಕಿ, ನೀನು ಕಲಿಸಿದ ಹಾಗೆ ಬಟ್ಟೆಯನ್ನು ಹಿಂದೆ ಮುಂದೆ ಬಿಗಿಹಿಡಿದು ಹೊಲಿದೆ. ಅಂಚು ಕರಿದ ಹಪ್ಪಳದ ಹಾಗೆ ಏಳುಬೀಳಾಯಿತು. ಪೂರ್ತಿ ಬಿಚ್ಚಿ, ಕೈ ಸಡಿಲ ಬಿಟ್ಟು ಮತ್ತೆ ಹೊಲಿದೆ. ಈ ಬಟ್ಟೆಯನ್ನು ಎಳೆಯಬಾರದು, ಅದರ ಪಾಡಿಗೆ ಹೋಗಲು ಬಿಡಬೇಕು.

ಎಲ್ಲ ಮುಗಿದು ದಾರ ಕತ್ತರಿಸುವಾಗ ಮಷಿನ್ನಿನ ಮೇಲೆ ಒಂದು ಉದ್ದನೆಯ ತುಂಡು ಉಳಿದಿತ್ತು. ಕಾಜಾ ಪಟ್ಟಿ, ಎದೆಸೀಳಿನ ಅಂಚಿಗೆ ಕೂಡಿಸುವಂಥದು. ಜಂಪರು ಕತ್ತರಿಸಿದ ಅಭ್ಯಾಸಕ್ಕೆ ನನ್ನ ಕೈ ಅದನ್ನೂ ಕತ್ತರಿಸಿಟ್ಟಿತ್ತು. ಎಲ್ಲಿ ಕೂಡಿಸಲಿ ಅಂತ ಗೌನನ್ನು ತಿರುಗಿಸಿ ಮುರುಗಿಸಿ ನೋಡಿದೆ. ಎದೆಗೆ ಸೀಳಿಲ್ಲ, ಗುಂಡಿಯಿಲ್ಲ. ತಲೆಯ ಮೇಲಿಂದ ಹಾಕಿಕೊಂಡರೆ ಮುಗಿಯಿತು...

ಇದಕ್ಕೆ ಕಾಜಾ ಎಲ್ಲಿಯದವ್ವ? ನಾನು ಸುಳ್ಳು ಹೇಳುತ್ತಿದ್ದೇನೆ ಅಂತ ನಿನಗೆ ಆವತ್ತೇ ಗೊತ್ತಿತ್ತು. ಗೊತ್ತಿದ್ದೂ, ಎತ್ತಲು ಬಾರದ ಕೈಯಿಂದ, ಇಲ್ಲದ ಕಾಜಾ ಹಾಕುತ್ತೇನೆ ಅಂದೆ. ನಾನು ತಲೆ ತಗ್ಗಿಸಬಾರದು ಅಂತ ತಾನೇ?

ಪಟ್ಟಿಯನ್ನು ಮಡಚಿಟ್ಟೆ. ಆಗಲೂ ಅಳು ಬರಲಿಲ್ಲ. ಎದ್ದು ಬಾಗಿಲು ಮುಂದೆ ಮಾಡಿ, ಬಲಗೈಯನ್ನು ಜೋತುಬಿಟ್ಟು, ಎಡಗೈ ಒಂದರಿಂದಲೇ ಗೌನು ತೊಟ್ಟು ನೋಡಿದೆ. ತೊಡಲು ಬಂತವ್ವ. ತೋಳು ಹಿಗ್ಗಿ ಆ ಸತ್ತ ಕೈಯನ್ನು ತಾನೇ ಒಳಗೆ ತೆಗೆದುಕೊಂಡಿತು. ಯಾರನ್ನೂ ಕರೆಯದೆ ನೀನೊಬ್ಬಳೇ ತೊಡಬಹುದಿತ್ತು.

ನಿನ್ನ ಗೌನು ಆಗೈತವ್ವ. ಈ ಸಲ ಖರೇನ ಆಗೈತಿ.

ನಿನ್ನ ಅನಸೂ