ಗೀರಿಲ್ಲದ ಬೀಗ

ಮಾರ್ಚ್ ೧೪, ಗುರುವಾರ

ಪ್ರೀತಿಯ ಅಕ್ಕನಿಗೆ,

ನಮಸ್ಕಾರ. ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯದ ಈ ಸೋಮಾರಿಯನ್ನು ಬೈದುಕೊಂಡೇ ಓದು. ಮಂಡಿನೋವು ಹೇಗಿದೆ? ನಾನು ಚೆನ್ನಾಗಿದ್ದೇನೆ ಎಂದು ಬರೆದರೆ ನೀನು ನಂಬುವವಳಲ್ಲ.

ನಮ್ಮ ಚಿಕ್ಕೋನ ವಿಷಯ ಕೇಳಿದ್ದೀಯ. ಎಂಟು ತಿಂಗಳಿಂದ ದಿನಾ ಬೆಳಿಗ್ಗೆ ಆಸ್ಪತ್ರೆಗೆ ಹೋಗಿ, ನರ್ಸಮ್ಮನ ಎದುರಿಗೇ ಚಟ ಬಿಡಿಸುವ ಔಷಧಿ ಕುಡಿದು, ಒಂಬತ್ತಕ್ಕೆಲ್ಲ ನನ್ನ ಬೀಗದಂಗಡಿಗೆ ಬರುತ್ತಿದ್ದ. ಬ್ರೌನ್ ಶುಗರ್ ಚಟವೂ ಇಲ್ಲ, ಅದಕ್ಕಾಗಿ ಮಾಡುತ್ತಿದ್ದ ಕಳ್ಳತನವೂ ಇಲ್ಲ. ಮೈಕೈ ತುಂಬಿಕೊಂಡು ನನಗಿಂತ ಚೆನ್ನಾಗಿ ಕಾಣುತ್ತಿದ್ದ.

ಹೋದ ವಾರ ಎದುರುಮನೆ ಮೇಷ್ಟರಲ್ಲಿ ಕಳವಾಯಿತು. ಬೀಗ ಬದಲಿಸಲು ಹೋದವನು ಹಳೆಯದನ್ನು ಬಿಚ್ಚಿ ನೋಡಿದೆ. ಒಳಗೆ ಒಂದು ಗೀರೂ ಇಲ್ಲ! ಕಸುಬು ಗೊತ್ತಿಲ್ಲದವರು ತಂತಿ ಹಾಕಿ ತೆಗೆದರೆ ಗೀರು ಬಿದ್ದೇ ಬೀಳುತ್ತದೆ. ಅಷ್ಟು ನಾಜೂಕಾಗಿ ತಂತಿ ಆಡಿಸುವ ಕೈ ಈ ಬೀದಿಯಲ್ಲಿ ಎರಡೇ. ಒಂದು ನನ್ನದು, ಇನ್ನೊಂದಕ್ಕೆ ಕಲಿಸಿದವನೂ ನಾನೇ.

ಮಾರನೇ ದಿನ ಪೊಲೀಸರು ಚಿಕ್ಕೋನನ್ನು ಕರೆದೊಯ್ದರು. ಮೂರು ದಿನ ಔಷಧಿಯಿಲ್ಲ. "ಔಷಧಿ ಕೊಡದೇ ಇದ್ರೆ ನೀವೇ ಅವನನ್ನ ಮತ್ತೆ ಕಳ್ಳ ಮಾಡ್ತೀರಿ" ಎಂದು ನರ್ಸಮ್ಮ ಠಾಣೆಗೇ ಹೋಗಿ ಗೋಗರೆದರಂತೆ. ಯಾರು ಕೇಳುತ್ತಾರೆ? ನಾಲ್ಕನೇ ದಿನ ಮೇಷ್ಟರ ಅಳಿಯನೇ ಸಿಕ್ಕಿಬಿದ್ದ. ಅವನ ಹತ್ತಿರ ಮನೆಯದೇ ಕೀ ಇತ್ತು. ಗೀರು ಎಲ್ಲಿಂದ ಬರಬೇಕು! ಇಪ್ಪತ್ತು ವರ್ಷ ಬೀಗ ರಿಪೇರಿ ಮಾಡಿದ ಮಹಾನುಭಾವನಿಗೆ ಇಷ್ಟು ಹೊಳೆಯಲಿಲ್ಲ.

ಬಿಟ್ಟು ಕಳಿಸಿದ ಮೇಲೆ ಚಿಕ್ಕೋನು ಬೆವರುತ್ತ, ನಡುಗುತ್ತ ಸೀದಾ ಅಂಗಡಿಗೆ ಬಂದ. ಗಿರಾಕಿಗಳ ಕೀ ನೇತುಹಾಕಿದ ಗೋಡೆಯನ್ನೇ ನೋಡುತ್ತ ನಿಂತ. "ಅಣ್ಣ, ಅವನ್ನೆಲ್ಲ ಒಳಗಿಟ್ಬಿಡು. ನನ್ನ ಕೈ ನನ್ನ ಮಾತು ಕೇಳ್ತಿಲ್ಲ" ಅಂದ. ಅಕ್ಕ, ಅಷ್ಟು ಭಯ ನನಗೆ ಯಾವತ್ತೂ ಆಗಿರಲಿಲ್ಲ. ರಟ್ಟೆ ಹಿಡಿದು ಆಸ್ಪತ್ರೆಗೆ ಎಳೆದುಕೊಂಡು ಹೋದೆ. ಔಷಧಿಯನ್ನು ಮತ್ತೆ ಮೊದಲಿನಿಂದ, ಸ್ವಲ್ಪ ಸ್ವಲ್ಪವೇ ಕೊಡುತ್ತಿದ್ದಾರೆ. "ಈಗ ಮನಸ್ಸಿಗೆ ಪೆಟ್ಟು ಬಿದ್ರೆ ಇಲ್ಲಿಗೆ ಬರೋದನ್ನೇ ಬಿಟ್ಬಿಡ್ತಾನೆ, ಹುಷಾರು" ಎಂದಿದ್ದಾರೆ ನರ್ಸಮ್ಮ. ಅವನು ಐದು ನಿಮಿಷ ತಡ ಮಾಡಿದರೂ ನಾನು ಬೀದಿಗೆ ಬಂದು ನಿಲ್ಲುತ್ತೇನೆ.

ಭಾವನಿಗೆ ನಮಸ್ಕಾರ, ಮಕ್ಕಳಿಗೆ ಮುದ್ದು. ನಿನ್ನ ಆಶೀರ್ವಾದ ಅವನ ಮೇಲಿರಲಿ.

ಇಂತಿ ನಿನ್ನ,
ದೊಡ್ಡ ತಮ್ಮ

ತಾ.ಕ.: ಅವನ ಮೇಲೆ ಅನುಮಾನ ಎಂದು ಠಾಣೆಗೆ ಹೋಗಿ ಹೇಳಿದವನು ನಾನೇ ಅಕ್ಕ. ಹಳೇ ಕೇಸು ನೋಡಿ ಪೊಲೀಸರು ಬಂದರು ಎಂದೇ ಅವನು ತಿಳಿದಿದ್ದಾನೆ. "ಯಾರು ನಂಬದಿದ್ರೂ ಅಣ್ಣ ನಂಬಿರ್ತಾನೆ ಅಂತ ಲಾಕಪ್ಪಲ್ಲಿ ತಡ್ಕೊಂಡೆ" ಎಂದು ನಿನ್ನೆ ಹೇಳಿದ. ಅವತ್ತು ನನ್ನ ಹೇಳಿಕೆ ಬರೆದುಕೊಂಡ ಪೇದೆ ಇವತ್ತು ಒಂದು ಬೀಗ ರಿಪೇರಿಗೆ ಕೊಟ್ಟು ಹೋಗಿದ್ದಾನೆ. ನಾಳೆ ಹತ್ತಕ್ಕೆ ಬರುತ್ತಾನಂತೆ. ಆ ಹೊತ್ತಿಗೆ ಚಿಕ್ಕೋನೂ ಅಂಗಡಿಯಲ್ಲಿ ಇರುತ್ತಾನೆ.