ಸ್ಪಾರ್ಟಾ ಪಕ್ಷದ ಒಬ್ಬಳು

ದಮ್ಮಾಮ್, ಸೋಮವಾರ

ಪ್ರೀತಿಯ ಪಪ್ಪನಿಗೆ,

ಅಬ್ಕೈಕ್‌ನ ತೈಲ ಘಟಕದಲ್ಲಿ ಚೆನ್ನಾಗಿದ್ದೀರಾ? ಇವತ್ತು ನಮ್ಮ ತರಗತಿಯಲ್ಲಿ ಹಳೆಯ ಗ್ರೀಸಿನ ಅಥೆನ್ಸ್ ಮೇಲೋ ಸ್ಪಾರ್ಟಾ ಮೇಲೋ ಎಂಬ ಚರ್ಚೆ ಇತ್ತು. ಪಕ್ಷವನ್ನು ನಾವೇ ಆರಿಸಬೇಕಿತ್ತು. ಸ್ಪಾರ್ಟಾದವರು ಮಿತಭಾಷಿಗಳೆಂದು ಪುಸ್ತಕದಲ್ಲಿ ಓದಿದ್ದೆ. ತೊದಲುವ ನನಗೆ ಅದೇ ಸರಿಯೆಂದು ಅಲ್ಲಿ ಕುಳಿತೆ. ನೋಡಿದರೆ ಉಳಿದವರೆಲ್ಲ ಅಥೆನ್ಸ್! ನಾನೊಬ್ಬಳೇ ಮಾತಾಡಬೇಕಾಯಿತು.

"ನಮ್ಮಲ್ಲಿ ಹು-ಹುಡುಗಿಯರೂ ಓಡುತ್ತಿದ್ದರು. ನಿಮ್ಮಲ್ಲಿ?" ಎಂದೆ. ಅಷ್ಟಕ್ಕೇ ಬೆವರಿಬಿಟ್ಟೆ. ಯಾರೂ ನಗಲಿಲ್ಲ. ಗೆಳತಿ ಮೋನಿಷಾ ಎದ್ದು, "ಎಂತ ಮಾರಾಯ್ತಿ, ಇದನ್ನು ಮೊದಲೇ ಹೇಳಬಾರದಿತ್ತಾ?" ಎನ್ನುತ್ತ ನನ್ನ ಬೆಂಚಿಗೇ ಬಂದಳು. ಸೋತದ್ದು ನಾವೇ. ಆದರೂ ಖುಷಿಯಾಯಿತು.

ಗುರುವಾರ ಬರುವಾಗ ಓಟದ ಶೂ ತನ್ನಿ, ಐದನೇ ಸೈಜು. ಅಮ್ಮನ ಮೊಬೈಲಿನಿಂದ ಈ ಪತ್ರದ ಫೋಟೋ ಈಗಲೇ ಕಳಿಸುತ್ತೇನೆ, ನಾಳೆ ಫೋನ್ ಮಾಡಿ. ಅಮ್ಮನ ಬದಲು ನಾನೇ ಎತ್ತುತ್ತೇನೆ. ಮಾತು ಬರುವವರೆಗೆ ಸ್ವಲ್ಪ ಕಾಯಬೇಕು, ಆಯ್ತಾ?

ನಿಮ್ಮ ಮುದ್ದಿನ
ವಿಸ್ಮಯಾ